ನಕ್ಷೆ ಹಾಕೋಕೆ ಎಂಥ ಕಂಪ್ಯೂಟರ್ ಬೇಕು? ಇನ್ನೂರು ವರ್ಷದ ಒಂದು ಲೆಕ್ಕ

ಈ ಸಲದ ಮಾತನ್ನ ರೆಕಾರ್ಡ್ ಮಾಡಿದ್ದು ದೇಹೂ ರೋಡಿನ ನಮ್ಮ ಮನೆಯಲ್ಲೇ. ನಡುನಡುವೆ ಲೋಣಾವಳಾ ಲೋಕಲ್ಲಿನ ಹಾರ್ನ್ ಕೇಳಿಸುತ್ತೆ, ಅದನ್ನ ತೆಗೆಯೋಕೆ ಹೋಗಿಲ್ಲ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲದೆ, ಹಿಂಜವಡಿ ಟ್ರಾಫಿಕ್ಕಲ್ಲಿ ಕೂತು ಫೋನಲ್ಲಿ ಓದೋರಿಗೆ ಇದು ಬರಹ ರೂಪ.

ವಿಷಯ ಶುರುವಾಗಿದ್ದು ಎರಡು ಪ್ರಶ್ನೆಯಿಂದ. ಮೊದಲನೆಯದು ಆಫೀಸಿನ ಗೆಳೆಯನದ್ದು. "ಕ್ಯೂಜಿಐಎಸ್ ಕಲೀಬೇಕು ಅಂತಿದ್ದೀನಿ, 8 ಜಿಬಿ ರ‍್ಯಾಮ್ ಸಾಕಾ, 16 ಬೇಕಾ? ಗ್ರಾಫಿಕ್ಸ್ ಕಾರ್ಡ್ ಇಲ್ದಿದ್ರೆ ನಡೆಯುತ್ತಾ?" ಎರಡನೆಯದು ಊರಿಂದ, ಕಾಕಾನದ್ದು. ನಮ್ಮೂರು ಬಾಗಲಕೋಟೆ ಕಡೆ, ಆಲಮಟ್ಟಿ ಹಿನ್ನೀರಿನ ದಂಡೆ. ಹಳೇ ಮನೆ ನೀರಿಗೆ ಹೋಗಿ ಬಹಳ ವರ್ಷ ಆಯ್ತು. ಕಾಕಾ ಊರ ಮೇಲಿನ ದಿನ್ನೆಯ ಮೇಲೆ ಇನ್ನೊಂದು ಮನೆ ಕಟ್ಟಿಕೊಂಡ. ಈಗ ಅದರ ಮೇಲೆ ಸ್ಲ್ಯಾಬ್ ಹಾಕಿಸಿ ಒಂದು ಅಂತಸ್ತು ಏರಿಸಬೇಕು ಅಂತ. ಫೋನಲ್ಲಿ ಕೇಳಿದ: "ತಮ್ಮಾ, ನೀ ಕಂಪ್ಯೂಟರದಾಗ ಇರ್ತೀ. ಅಣೆಕಟ್ಟಿ ಐನೂರಾ ಇಪ್ಪತ್ನಾಕಕ್ಕ ಏರಿಸಿದ್ರ ನಮ್ಮ ಮನಿ ಒಳಗ ಬರ್ತದೋ ಹೊರಗ ಉಳೀತದೋ, ನೋಡಿ ಹೇಳಲ್ಲಾ."

ಗೆಳೆಯನಿಗೆ ಉತ್ತರ ಕೊಡೋಕೆ ಎರಡು ನಿಮಿಷ ಸಾಕಾಯ್ತು. ಕಾಕಾಗೆ ಉತ್ತರ ಹುಡುಕೋಕೆ ಹೋಗಿ ನಾನು ನಕ್ಷೆಯ ಇತಿಹಾಸದೊಳಗೆ ಬಿದ್ದೆ. ಇವತ್ತು ಹೇಳೋದು ಅದನ್ನೇ.

ಮೊದಲು ಒಂದು ಮಾತು. ನಕ್ಷೆ ಕೆಲಸದಲ್ಲಿ 'ಕಂಪ್ಯೂಟರ್' ಅನ್ನೋ ಪದ ಯಂತ್ರಕ್ಕಿಂತ ಹಳೇದು. ಅದು ಒಂದು ಹುದ್ದೆಯ ಹೆಸರು. 1831ರಲ್ಲಿ ಕಲ್ಕತ್ತೆಯ ರಾಧಾನಾಥ ಸಿಕದಾರ್ ಅನ್ನೋ ಹದಿನೆಂಟು ಹತ್ತೊಂಬತ್ತರ ಹುಡುಗ ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೇಗೆ ಕೆಲಸಕ್ಕೆ ಸೇರಿದ್ದು 'ಕಂಪ್ಯೂಟರ್' ಅಂತಲೇ. ಆಮೇಲೆ ಮುಖ್ಯ ಕಂಪ್ಯೂಟರ್ ಆದ. ಶಿಖರ 15 ಅಂತ ನಂಬರ್ ಕೊಟ್ಟು ಇಟ್ಟಿದ್ದ ಹಿಮಾಲಯದ ತುದಿ ಜಗತ್ತಿನಲ್ಲೇ ಎತ್ತರದ್ದು ಅಂತ 1852ರಲ್ಲಿ ಲೆಕ್ಕದಿಂದ ಹೊರಬಿದ್ದಾಗ ಆ ಲೆಕ್ಕದ ಮನೆಯ ಯಜಮಾನ ಅವನೇ. ಎತ್ತರ 29,002 ಅಡಿ ಅಂತ ಪ್ರಕಟ ಆಯ್ತು, ಹೆಸರು ಮಾತ್ರ ಎವರೆಸ್ಟ್ ಸಾಹೇಬರದ್ದು ಬಂತು. ನಮ್ಮ ಪ್ರೊಫೆಷನ್‌ನಲ್ಲಿ ಇದು ಹೊಸ ಅನುಭವ ಏನಲ್ಲ ಬಿಡಿ.

ಆ ಸರ್ವೇ ಶುರುವಾಗೋದಕ್ಕೆ ಮುಂಚಿನ ಟ್ರಯಲ್ ರನ್ ನಡೆದಿದ್ದು ನಮ್ಮ ಬೆಂಗಳೂರಲ್ಲಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬಾಣಸವಾಡಿಯಿಂದ ಅಗರದ ತನಕ ಏಳು ಮೈಲಿಗೂ ಹೆಚ್ಚು ಉದ್ದದ ಒಂದು ಗೆರೆಯನ್ನ ನೂರಡಿ ಉಕ್ಕಿನ ಸರಪಳಿಯಿಂದ ಅಳೆದ. ಅಗರ ಅಂದ್ರೆ ನಿಮಗೆ ಗೊತ್ತಿರೋ ಅದೇ ಅಗರ, ಹೊರವರ್ತುಲ ರಸ್ತೆ, ಸಿಲ್ಕ್ ಬೋರ್ಡ್ ಹತ್ತಿರದ್ದು. ಅದನ್ನ ಅಳೆಯೋಕೆ ಆತನಿಗೆ ವಾರಗಟ್ಟಲೆ ಬೇಕಾಯ್ತು. ಈಗ ಸಂಜೆ ಆರು ಗಂಟೆಗೆ ಕಾರಲ್ಲಿ ಹೊರಟ್ರೆ ತುಂಬಾ ಏನೂ ವ್ಯತ್ಯಾಸ ಇಲ್ಲ. 1802ರ ಏಪ್ರಿಲ್‌ನಲ್ಲಿ ಮದರಾಸಿನಲ್ಲಿ ಅಧಿಕೃತ ಬುನಾದಿ ಗೆರೆ ಅಳತೆ ಶುರುವಾಯ್ತು. ಹಾರ್ಡ್‌ವೇರ್ ತರಿಸೋ ಕಷ್ಟ ಆವಾಗಲೂ ಇತ್ತು. ಅರ್ಧ ಟನ್ ತೂಕದ ಥಿಯೊಡೊಲೈಟ್ ಇಂಗ್ಲೆಂಡಿನಿಂದ ಬರ್ತಾ ಇದ್ದ ಹಡಗನ್ನ ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದಿದ್ದರು. ಒಳಗಿರೋದು ವಿಜ್ಞಾನದ ಸಾಮಾನು ಅಂತ ಗೊತ್ತಾದ ಮೇಲೆ ಮರ್ಯಾದೆಯಿಂದ ವಾಪಸ್ ಕಳಿಸಿದರು.

ಈ ಕಥೆಯನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಕ್ಷೆಯ ಕೆಲಸದಲ್ಲಿ ಭಾರ ಇರೋದು ಗೆರೆ ಎಳೆಯೋದ್ರಲ್ಲಿ ಅಲ್ಲ, ಗಣಿತದಲ್ಲಿ. ಕೋನ ಅಳೆದು, ತ್ರಿಕೋನ ಬಿಡಿಸಿ, ಗುಂಡಗಿರೋ ಭೂಮಿಯನ್ನ ಚಪ್ಪಟೆ ಕಾಗದಕ್ಕೆ ಇಳಿಸಬೇಕು. ಒಂದೊಂದು ಬಿಂದುವಿಗೂ ಸೈನು, ಕೊಸೈನು, ಲಾಗರಿದಮ್ಮು. ಸಿಕದಾರ್ ತರದವರು ಲಾಗ್ ಟೇಬಲ್ ಇಟ್ಕೊಂಡು ಮಾಡ್ತಿದ್ದ ಕೆಲಸ ಇದೇ. ನೂರೈವತ್ತು ವರ್ಷ ಆದಮೇಲೆ ಪರ್ಸನಲ್ ಕಂಪ್ಯೂಟರ್ ಬಂದಾಗ ಅದು ಎಡವಿದ್ದೂ ಇಲ್ಲೇ. ಇಂಟೆಲ್ಲಿನ 8086, 80286, 80386 ಚಿಪ್ಪುಗಳಿಗೆ ಪೂರ್ಣಾಂಕದ ಲೆಕ್ಕ ಮಾತ್ರ ಸಲೀಸು. ದಶಮಾಂಶದ ಲೆಕ್ಕ ಬಂದ್ರೆ ಸಾಫ್ಟ್‌ವೇರಿನಲ್ಲಿ ಅನುಕರಿಸಬೇಕು, ಅದು ಹತ್ತಾರು ಪಟ್ಟು ನಿಧಾನ. ಅದಕ್ಕೆ ಮದರ್‌ಬೋರ್ಡಿನಲ್ಲಿ ಪಕ್ಕಕ್ಕೊಂದು ಖಾಲಿ ಸಾಕೆಟ್ ಇರ್ತಿತ್ತು. ದುಡ್ಡಿದ್ದೋರು ಅಲ್ಲಿ 8087, 80287, 80387 ಅನ್ನೋ ಗಣಿತದ ಚಿಪ್ಪನ್ನ ಬೇರೆಯಾಗಿ ತಂದು ಕೂರಿಸಬೇಕಿತ್ತು. ಆ ಕಾಲದ ನಕ್ಷೆ ಸಾಫ್ಟ್‌ವೇರುಗಳ ಜತೆ 'ಮ್ಯಾಥ್ ಕೋಪ್ರೊಸೆಸರ್' ಅನ್ನೋ ಮಾತು ಮತ್ತೆ ಮತ್ತೆ ಕೇಳಿಬರ್ತಿದ್ದದ್ದು ಅದಕ್ಕೇ. 1989ರಲ್ಲಿ ಬಂದ 486ರ ಡಿಎಕ್ಸ್ ಮಾದರಿಯಲ್ಲಿ ಅದು ಮುಖ್ಯ ಚಿಪ್ಪಿನೊಳಗೇ ಸೇರಿತು. ಎರಡು ವರ್ಷ ಬಿಟ್ಟು ಬಂದ ಅಗ್ಗದ ಎಸ್ಎಕ್ಸ್‌ನಲ್ಲಿ ಮತ್ತೆ ಇಲ್ಲ. ಎಸ್ಎಕ್ಸ್, ಡಿಎಕ್ಸ್ ಅಂತ ಅಂಗಡಿಯೋರ ಜತೆ ವಾದ ಮಾಡಿದ ನೆನಪು ನಿಮ್ಮಲ್ಲಿ ಹಿರಿಯರಿಗೆ ಇರಬಹುದು.

ಅಲ್ಲೀವರೆಗೆ ಜಿಐಎಸ್ ಅಂದ್ರೆ ಏಸಿ ರೂಮಿನ ವಸ್ತು. ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್‌ನಲ್ಲಿ 1969ರಲ್ಲಿ ಶುರುವಾದ ಎಸ್ರಿ ಕಂಪನಿಯ ಆರ್ಕ್‌ಇನ್ಫೋ 1982ರಲ್ಲಿ ಬಂದಾಗ ಅದು ಓಡ್ತಿದ್ದದ್ದು ಮಿನಿಕಂಪ್ಯೂಟರ್ ಮೇಲೆ. ಅದೇ ಹೊತ್ತಿಗೆ ಇಲಿನಾಯ್ಸ್‌ನಲ್ಲಿ ಅಮೆರಿಕದ ಸೈನ್ಯದ ನಿರ್ಮಾಣ ಸಂಶೋಧನಾ ಪ್ರಯೋಗಾಲಯ ತನ್ನ ಜಮೀನು ನೋಡ್ಕೊಳ್ಳೋಕೆ ಗ್ರಾಸ್ ಅನ್ನೋ ಸಾಫ್ಟ್‌ವೇರ್ ಬರೆಯೋಕೆ ಶುರು ಮಾಡ್ತು. ಅದು ಈಗಲೂ ಪುಕ್ಕಟೆ ಸಿಗುತ್ತೆ, ಕ್ಯೂಜಿಐಎಸ್ ಒಳಗಿಂದಲೇ ಅದರ ಉಪಕರಣ ಕರೀಬಹುದು. 'ಡೆಸ್ಕ್‌ಟಾಪ್ ಮ್ಯಾಪಿಂಗ್' ಅನ್ನೋ ಮಾತನ್ನ ಮನೆಮಾತು ಮಾಡಿದ್ದು ಮ್ಯಾಪ್‌ಇನ್ಫೋ. 1986ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಲ್ಲಿ ಕಾಲೇಜು ಹುಡುಗರು ಕಟ್ಟಿದ ಕಂಪನಿ ಅದು. ಡಾಸ್ ಮೇಲೆ, 640 ಕೆಬಿ ಮೆಮೊರಿಯೊಳಗೆ, ಬೀದಿ ನಕ್ಷೆ ತೋರಿಸಿದ್ರು. ನೀವು ಇವತ್ತು ವಾಟ್ಸಾಪಿನಲ್ಲಿ ಕಳಿಸೋ ಒಂದು ಫೋಟೊ ಎಷ್ಟೋ ಸಲ ಅದಕ್ಕಿಂತ ದೊಡ್ಡದಿರುತ್ತೆ.

ಬೇಕಿದ್ದ ಹಾರ್ಡ್‌ವೇರ್ ಅಂದ್ರೆ ಬರೀ ಕಂಪ್ಯೂಟರ್ ಅಲ್ಲ. ಬಾಗಿಲಷ್ಟು ಅಗಲದ ಡಿಜಿಟೈಸರ್ ಮೇಜು ಬೇಕು. ಅದರ ಮೇಲೆ ಕಾಗದದ ನಕ್ಷೆ ಅಂಟಿಸಿ, ನೋಡೋಕೆ ಮೌಸಿನಂತಿರೋ ಪಕ್ ಹಿಡಿದು, ಒಂದೊಂದು ತಿರುವಿಗೂ ಒತ್ತಬೇಕು. ಒಂದು ನದಿ ಮುಗಿಯೋ ಹೊತ್ತಿಗೆ ಭುಜ ಬಿದ್ದುಹೋಗ್ತಿತ್ತು. ಔಟ್‌ಪುಟ್‌ಗೆ ಪೆನ್ ಪ್ಲಾಟರ್. ಇಷ್ಟೆಲ್ಲ ಆದಮೇಲೆ ಪ್ರಿಂಟರ್ ಪೋರ್ಟಿಗೆ ಚುಚ್ಚೋ ಡಾಂಗಲ್, ಅದಿಲ್ಲದೆ ಸಾಫ್ಟ್‌ವೇರ್ ಏಳ್ತಿರಲಿಲ್ಲ. ನನ್ನ ಮೊದಲ ಕೆಲಸದ ಜಾಗದಲ್ಲಿ, ಹೆಸರು ಬೇಡ, ಡಾಂಗಲ್ ಒಂದೇ ಇತ್ತು, ನಾವು ನಾಲ್ಕು ಜನ. ಯಾರ ಜೇಬಲ್ಲಿ ಡಾಂಗಲ್ ಇದೆಯೋ ಅವತ್ತು ಅವನೇ ದೊಡ್ಡ ಮನುಷ್ಯ. ಊಟಕ್ಕೆ ಹೋಗುವಾಗಲೂ ಕಿತ್ತು ಜೇಬಿಗೆ ಹಾಕ್ಕೊಂಡು ಹೋಗ್ತಿದ್ರು.

ಇನ್ನು ಉಪಗ್ರಹ ಚಿತ್ರ. ಐಆರ್‌ಎಸ್‌-1ಎ ಹಾರಿದ್ದು 1988ರ ಮಾರ್ಚ್‌ನಲ್ಲಿ. 1995ರ ಡಿಸೆಂಬರ್‌ನಲ್ಲಿ ಹಾರಿದ ಐಆರ್‌ಎಸ್‌-1ಸಿಯ ಲಿಸ್‌-3 ಕ್ಯಾಮೆರಾ ಸುಮಾರು 141 ಕಿಲೋಮೀಟರ್ ಅಗಲದ ಪಟ್ಟಿಯನ್ನ 23.5 ಮೀಟರ್ ಚುಕ್ಕಿಗಳಲ್ಲಿ ನೋಡ್ತಿತ್ತು. ಲೆಕ್ಕ ಹಾಕಿ. ಅಡ್ಡಕ್ಕೆ 6,000 ಚುಕ್ಕಿ, ಉದ್ದಕ್ಕೂ ಅಷ್ಟೇ ಇಟ್ಕೊಂಡ್ರೆ 3.6 ಕೋಟಿ. ಒಂದೊಂದು ಚುಕ್ಕಿಗೆ ಒಂದು ಬೈಟ್‌ನಂತೆ, ಮೂರು ಬಣ್ಣಪಟ್ಟಿಗೆ 108 ಎಂಬಿ. ಆ ವರ್ಷದ ಒಳ್ಳೇ ಪಿಸಿಯಲ್ಲಿ ರ‍್ಯಾಮ್ 16 ಅಥವಾ 32 ಎಂಬಿ. ಅಂದ್ರೆ ಒಂದೇ ಒಂದು ಚಿತ್ರ ಮೆಮೊರಿಗೆ ಹಿಡಿಸೋದಿಲ್ಲ. ಸ್ವಲ್ಪ ಸ್ವಲ್ಪ ಓದಿ, ಡಿಸ್ಕಿಗೆ ಬರೆದು, ಮತ್ತೆ ಓದಬೇಕು. 'ರನ್' ಒತ್ತಿ ಚಹಾಕ್ಕೆ ಹೋಗೋ ಪದ್ಧತಿ ನಕ್ಷೆಯವರಲ್ಲಿ ಬಂದಿದ್ದು ಹೀಗೆ.

ಈಗ ನನಗೆ ಹೆಚ್ಚು ಇಷ್ಟದ ಭಾಗ. ಕನ್ನಡದಲ್ಲಿ ಹೆಸರು ಬರೆದ ನಕ್ಷೆ ಬೇಕು ಅಂದ್ರೆ ಎಂಥ ಕಂಪ್ಯೂಟರ್ ಬೇಕಿತ್ತು?

ಉತ್ತರ ಹುಡುಕೋಕೆ ದೂರ ಹೋಗಬೇಕಿಲ್ಲ, ಪುಣೆಯಲ್ಲೇ ಇದೆ. ಸಿ-ಡ್ಯಾಕ್ ಇಲ್ಲಿ 1988ರಲ್ಲಿ ಶುರುವಾಯ್ತು. ಎಲ್ಲರಿಗೂ ಗೊತ್ತಿರೋದು 1991ರ ಪರಮ್ 8000 ಸೂಪರ್‌ಕಂಪ್ಯೂಟರ್. ಆದ್ರೆ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸ ಜಿಸ್ಟ್ ಕಾರ್ಡ್. ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕಿನಲ್ಲಿ ಬೆಳೆದ ತಂತ್ರ. ಡಾಸ್ ಕಂಪ್ಯೂಟರಿನ ಒಳಗೆ ಖಾಲಿ ಸ್ಲಾಟಿಗೆ ಈ ಕಾರ್ಡ್ ಚುಚ್ಚಿದ್ರೆ ತೆರೆಯ ಮೇಲೆ ಕನ್ನಡ, ಮರಾಠಿ, ತೆಲುಗು ಬರ್ತಿತ್ತು. ಅಂದ್ರೆ ಒತ್ತಕ್ಷರ ಬರಬೇಕಾದ್ರೆ ಹಾರ್ಡ್‌ವೇರ್ ಕೊಂಡುಕೊಳ್ಳಬೇಕು! ಗಣಿತಕ್ಕೊಂದು ಚಿಪ್ಪು, ಕನ್ನಡಕ್ಕೊಂದು ಕಾರ್ಡು. 1991ರಲ್ಲಿ ಇಸ್ಕಿ ಅನ್ನೋ ಭಾರತೀಯ ಸಂಕೇತ ಪದ್ಧತಿ ಮಾನಕ ಆಯ್ತು, ಅದೇ ವರ್ಷ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ ಜಾಗ ಸಿಕ್ಕಿತು. ಆದ್ರೆ ವಿಂಡೋಸ್ ಒಳಗೆ ಕನ್ನಡ ತಾನಾಗೇ ಕಾಣಿಸೋಕೆ 2001ರ ಎಕ್ಸ್‌ಪಿ, ಅದರ ಜತೆ ಬಂದ ತುಂಗಾ ಫಾಂಟಿನ ತನಕ ಕಾಯಬೇಕಾಯ್ತು. ನಡುವಿನ ಕಾಲದಲ್ಲಿ ನಮ್ಮನ್ನ ಕಾಪಾಡಿದ್ದು ಬರಹ, ಆಮೇಲೆ ನುಡಿ. ಅವುಗಳ ಹಳೇ ಫಾಂಟುಗಳದ್ದು ಒಂದು ಉಪಾಯ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸೋದು. ಫಾಂಟ್ ಇರೋ ಕಂಪ್ಯೂಟರಲ್ಲಿ ಕನ್ನಡ, ಇಲ್ಲದಿದ್ದ ಕಡೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರದ ರಾಶಿ. ಹಾಗೆ ಟೈಪು ಮಾಡಿದ ಹಳ್ಳಿ ಹೆಸರಿನ ಪಟ್ಟಿಗಳು ಎಷ್ಟೋ ಕಡೆ ಇನ್ನೂ ಹಾಗೇ ಬಿದ್ದಿವೆ, ಬಿಡಿಸೋಕೆ ಕೂತ್ರೆ ತಲೆ ಸಿಡಿಯುತ್ತೆ.

ಯೂನಿಕೋಡ್ ಬಂದಮೇಲೆ ಎಲ್ಲ ಸರಿಹೋಯ್ತಾ? ಇಲ್ಲ. ನಕ್ಷೆ ಲೋಕದಲ್ಲಿ ಎಲ್ಲರೂ ಬಳಸೋದು ಶೇಪ್‌ಫೈಲ್. ಎಸ್ರಿಯವರು ಆರ್ಕ್‌ವ್ಯೂ ಕಾಲದಲ್ಲಿ ಮಾಡಿದ್ದು, ಅದರ ವಿವರವನ್ನ 1998ರ ಜುಲೈನಲ್ಲಿ ಬಹಿರಂಗವಾಗಿ ಪ್ರಕಟಿಸಿದ್ರು, ಹಾಗಾಗಿ ಎಲ್ಲ ಸಾಫ್ಟ್‌ವೇರೂ ಅದನ್ನ ಓದುತ್ತೆ. ಆಕಾರ ಒಂದು ಫೈಲಿನಲ್ಲಿ, ಮಾಹಿತಿ ಇನ್ನೊಂದು ಡಿಬೇಸ್ ಫೈಲಿನಲ್ಲಿ. ಡಿಬೇಸ್ ಡಾಸಿಗಿಂತ ಹಳೇ ಕಾಲದ ಗಿರಾಕಿ. ಅದರಲ್ಲಿ ಕಾಲಮ್ಮಿನ ಹೆಸರು 10 ಬೈಟಿಗಿಂತ ಉದ್ದ ಇರಕೂಡದು. ಯುಟಿಎಫ್‌-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. 'ಗ್ರಾಮ' ಅನ್ನೋಕೆ ಗ, ವಿರಾಮ, ರ, ದೀರ್ಘ, ಮ, ಒಟ್ಟು ಐದು ಚಿಹ್ನೆ, 15 ಬೈಟ್. ಹಿಡಿಸಲ್ಲ. 'ಊರು' ಅಂತ ಬರೆಯಿರಿ. ಊ, ರ, ಉಕಾರ, ಒಂಬತ್ತು ಬೈಟ್. ಹಿಡಿಸುತ್ತೆ! ಸಂಸ್ಕೃತ ಬಿಟ್ಟು ಅಚ್ಚಗನ್ನಡ ಬಳಸಿ ಅಂತ ಡಿಬೇಸ್ ಹೇಳ್ತಾ ಇದೆ ಅಂತ ನಾನು ತಮಾಷೆ ಮಾಡ್ತಿರ್ತೀನಿ. ಅದಕ್ಕೇ 2014ರಲ್ಲಿ ಮಾನಕವಾಗಿ ಬಂದ ಜಿಯೊಪ್ಯಾಕೇಜ್ ಬಳಸಿ ಅಂತ ಎಲ್ಲರಿಗೂ ಹೇಳೋದು. ಒಂದೇ ಫೈಲು, ಈ ಗೋಳಿಲ್ಲ, ಶೇಪ್‌ಫೈಲಿನ 2 ಜಿಬಿ ಮಿತಿಯೂ ಇಲ್ಲ.

ಇನ್ನೊಂದು ನೋವಿತ್ತು. ನದಿಯ ಹೆಸರನ್ನ ನದಿ ಬಳುಕಿದ ಹಾಗೇ ಬಳುಕಿಸಿ ಬರೀಬೇಕಲ್ಲ, ಕ್ಯೂಜಿಐಎಸ್‌ನ ಹಳೇ ಆವೃತ್ತಿಗಳಲ್ಲಿ ಅದು ಒಂದೊಂದೇ ಚಿಹ್ನೆಯನ್ನ ಬೇರೆ ಬೇರೆಯಾಗಿ ಎತ್ತಿ ಇಡ್ತಿತ್ತು. 'ಕೃಷ್ಣಾ' ಅನ್ನೋದು ಕ ಒಂದು ಕಡೆ, ವಟ್ರಸುಳಿ ಒಂದು ಕಡೆ, ಷ ಒಂದು ಕಡೆ ಚೆಲ್ಲಾಪಿಲ್ಲಿ. ಇಂಗ್ಲಿಷಿನಲ್ಲಿ ಬರೆದ್ರೆ ಕೃಷ್ಣೆ ಚೆಂದ ಹರೀತಾಳೆ, ಕನ್ನಡದಲ್ಲಿ ಬರೆದ್ರೆ ಒಡೆದುಹೋಗ್ತಾಳೆ. ಹೊಸ ಆವೃತ್ತಿಗಳಲ್ಲಿ ಅಕ್ಷರಗುಚ್ಛವನ್ನ ಒಟ್ಟಿಗೇ ಹಿಡೀತವೆ. ನೀವು ಹಳೇ ಆವೃತ್ತಿ ಇಟ್ಕೊಂಡಿದ್ರೆ, ಅಪ್‌ಡೇಟ್ ಮಾಡೋಕೆ ಇದೊಂದೇ ಕಾರಣ ಸಾಕು.

ಕ್ಯೂಜಿಐಎಸ್ ಹುಟ್ಟಿದ ಬಗೆ ಚಿಕ್ಕದಾಗಿ. 2002ರಲ್ಲಿ ಅಲಾಸ್ಕಾದಲ್ಲಿದ್ದ ಗ್ಯಾರಿ ಶರ್ಮನ್‌ಗೆ ಲಿನಕ್ಸ್ ಮೇಲೆ ಪೋಸ್ಟ್‌ಜಿಐಎಸ್ ದತ್ತಾಂಶ ನೋಡೋಕೆ ಒಂದು ಕಿಟಕಿ ಬೇಕಿತ್ತು, ತಾನೇ ಬರೆದ. 2009ರ ಜನವರಿಯಲ್ಲಿ 1.0 ಬಂತು, 2018ರ ಫೆಬ್ರವರಿಯಲ್ಲಿ 3.0. ಇವತ್ತು ಅದರ ಬೇಡಿಕೆ ಬಹಳ ಕಮ್ಮಿ. 64 ಬಿಟ್ ಯಂತ್ರ, 8 ಜಿಬಿ ರ‍್ಯಾಮ್ ಇದ್ರೆ ಕಲಿಯೋಕೆ ಸಾಕು, 16 ಇದ್ರೆ ಆರಾಮ. ದುಡ್ಡು ಹಾಕೋದಿದ್ರೆ ಎಸ್ಎಸ್‌ಡಿಗೆ ಹಾಕಿ. ಎರಡು ಆಯಾಮದ ನಕ್ಷೆಗೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಆಫೀಸಲ್ಲಿ ಆರ್ಕ್‌ಜಿಐಎಸ್ ಪ್ರೊ ಕೇಳಿದ್ರೆ ಮಾತ್ರ ಕಥೆ ಬೇರೆ. ಅದು ವಿಂಡೋಸ್ ಬಿಟ್ಟು ಬೇರೆಲ್ಲೂ ಓಡಲ್ಲ, ರ‍್ಯಾಮು ಗ್ರಾಫಿಕ್ಸು ಎರಡನ್ನೂ ಚೆನ್ನಾಗೇ ತಿನ್ನುತ್ತೆ. ಅದರ ಅಣ್ಣ ಆರ್ಕ್‌ಮ್ಯಾಪ್ 32 ಬಿಟ್ಟಿನದ್ದು. 16 ಜಿಬಿ ತುಂಬಿಸಿದ್ರೂ ನಾಲ್ಕರಾಚೆ ಕೈ ಚಾಚ್ತಿರಲಿಲ್ಲ. ಗೆಳೆಯನಿಗೆ ಹೇಳಿದ ಎರಡು ನಿಮಿಷದ ಉತ್ತರ ಇಷ್ಟೇ.

ಆದ್ರೆ ನಮ್ಮ ದೇಶದಲ್ಲಿ ನಕ್ಷೆಗೆ ಬೇಕಿದ್ದ ಮುಖ್ಯ ಸಾಮಗ್ರಿ ರ‍್ಯಾಮೂ ಅಲ್ಲ, ಡಾಂಗಲ್ಲೂ ಅಲ್ಲ. ಅನುಮತಿ. ಇದು ದೇಹೂ ರೋಡಿನಲ್ಲಿ ಕೂತವನಿಗೆ ಬೇಗ ಅರ್ಥ ಆಗುತ್ತೆ. ಈ ಊರೇ ದಂಡು ಪ್ರದೇಶ. ಹೆಸರೂ ನೋಡಿ, ಊರಿನದ್ದಲ್ಲ, ತುಕಾರಾಮರ ದೇಹೂಗೆ ಹೋಗೋ ದಾರಿಯ ಸ್ಟೇಷನ್ನಿನದ್ದು. ಸರ್ವೇ ಆಫ್ ಇಂಡಿಯಾದ ಹಳೇ ಪದ್ಧತಿಯ ಶೀಟಿನಲ್ಲಿ ನಮ್ಮ ಸ್ಟೇಷನ್ ಬೀಳೋದು 47 ಎಫ್/10ರಲ್ಲಿ. ತುಕಾರಾಮರ ದೇಹೂ ಬೀಳೋದು ಪಕ್ಕದ 47 ಎಫ್/14ರಲ್ಲಿ. 73 ಡಿಗ್ರಿ 45 ನಿಮಿಷದ ರೇಖಾಂಶ ಎರಡರ ನಡುವೆ ಹಾದುಹೋಗುತ್ತೆ. ರೋಡ್ ಒಂದು ಹಾಳೆ, ದೇಹೂ ಇನ್ನೊಂದು ಹಾಳೆ. ಎರಡನ್ನೂ ಕೊಂಡ್ರೆ ಮಾತ್ರ ವಾರಕರಿ ಮನೆ ಮುಟ್ಟಾನು.

ಗಡಿ, ಕರಾವಳಿಯ ಹತ್ತಿರದ ಶೀಟುಗಳು ಸಾಮಾನ್ಯರಿಗೆ ಸಿಗ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷೆ ನೀತಿಯಲ್ಲಿ ಎರಡು ಸರಣಿ ಅಂತ ಬೇರೆ ಮಾಡಿದ್ರು, ಒಂದು ರಕ್ಷಣೆಯವರಿಗೆ, ಒಂದು ಎಲ್ಲರಿಗೂ. ತಮಾಷೆ ಅಂದ್ರೆ ಅದೇ ವರ್ಷ ಗೂಗಲ್ ಅರ್ತ್ ಬಂತು. ಅಕ್ಟೋಬರಿನಲ್ಲಿ ರಾಷ್ಟ್ರಪತಿ ಕಲಾಂ ಅವರು ಭದ್ರತೆಯ ದೃಷ್ಟಿಯಿಂದ ಅದರ ಬಗ್ಗೆ ಬಹಿರಂಗವಾಗಿಯೇ ಆತಂಕ ಹೇಳಿದ್ರು. 2009ರಲ್ಲಿ ಇಸ್ರೋದ ಭುವನ್ ಬಂತು. 2016ರಲ್ಲಿ ಒಂದು ಕರಡು ಮಸೂದೆ ಬಂತು, ಅನುಮತಿಯಿಲ್ಲದೆ ನಕ್ಷೆ ಮಾಹಿತಿ ಇಟ್ಕೊಂಡ್ರೆ 100 ಕೋಟಿ ರೂಪಾಯಿವರೆಗೆ ದಂಡ, ಏಳು ವರ್ಷದವರೆಗೆ ಜೈಲು ಅಂತ. ಅವತ್ತು ನಮ್ಮ ಫ್ಲೋರಿನಲ್ಲಿ ಎಲ್ಲರೂ ಫೋನಿನ ಲೊಕೇಶನ್ ನೋಡ್ಕೊಂಡು ನಕ್ಕಿದ್ದು ನೆನಪಿದೆ. ಅದು ಮುಂದೆ ಹೋಗಲಿಲ್ಲ. 2017ರಲ್ಲಿ, ಸರ್ವೇ ಆಫ್ ಇಂಡಿಯಾಗೆ 250 ತುಂಬಿದ ವರ್ಷ, ಆಧಾರ್ ಕೊಟ್ಟು ದಿನಕ್ಕೆ ಮೂರು ಶೀಟ್ ಪುಕ್ಕಟೆ ಇಳಿಸಿಕೊಳ್ಳೋ ಪೋರ್ಟಲ್ ಶುರುವಾಯ್ತು. 2021ರ ಫೆಬ್ರವರಿ 15ರ ಮಾರ್ಗಸೂಚಿ ಬಂದಮೇಲೆ ಭಾರತೀಯ ಕಂಪನಿಗಳಿಗೆ ನಕ್ಷೆ ಮಾಡೋಕೆ ಮೊದಲೇ ಅನುಮತಿ ಬೇಕು ಅನ್ನೋದು ಹೋಯ್ತು. ಪುಣೆಯಲ್ಲಿ ನಮ್ಮ ಎಷ್ಟೋ ಜನಕ್ಕೆ ಈ ಕ್ಷೇತ್ರದಲ್ಲಿ ಕೆಲಸದ ಬಾಗಿಲು ಅಗಲವಾಗಿದ್ದರ ಹಿಂದೆ ಆ ಒಂದು ಕಾಗದ ಇದೆ.

ಈಗ ಕಾಕಾನ ಪ್ರಶ್ನೆ.

ಹಿನ್ನೆಲೆ ಗೊತ್ತಿಲ್ಲದವರಿಗೆ: ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿ. 2000ದಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರ್ ಮಟ್ಟದವರೆಗೆ ಒಪ್ಪಿತು. 2010ರಲ್ಲಿ ಎರಡನೇ ಕೃಷ್ಣಾ ನ್ಯಾಯಾಧಿಕರಣ 524.256 ಮೀಟರ್‌ಗೆ ಏರಿಸಬಹುದು ಅಂತ ಹೇಳ್ತು. ವ್ಯತ್ಯಾಸ 4.656 ಮೀಟರ್. ಎರಡು ಆಳೆತ್ತರಕ್ಕಿಂತ ಒಂದಿಷ್ಟು ಜಾಸ್ತಿ. ಅಷ್ಟರೊಳಗೆ ಎಷ್ಟೋ ಹಳ್ಳಿ, ಬಾಗಲಕೋಟೆ ಪಟ್ಟಣದ ಭಾಗ. ಮತ್ತೆ ನಮ್ಮ ಕಾಕಾನ ಮನೆ, ಬಹುಶಃ.

ಎತ್ತರದ ದತ್ತಾಂಶ ಪುಕ್ಕಟೆ ಸಿಗುತ್ತೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಷಟಲ್ ಹನ್ನೊಂದು ದಿನ ಸುತ್ತಿ ರೇಡಾರಿನಿಂದ ಭೂಮಿಯ ಎತ್ತರ ಅಳೆದಿತ್ತು. ಒಂದು ಡಿಗ್ರಿ ಚೌಕದ ಫೈಲಿನಲ್ಲಿ 3,601 ಸಾಲು, 3,601 ಕಂಬ, ಒಂದೊಂದು ಎತ್ತರಕ್ಕೆ ಎರಡು ಬೈಟ್. ಸುಮಾರು 26 ಎಂಬಿ. ನನ್ನ ಲ್ಯಾಪ್‌ಟಾಪ್ ಅದನ್ನ ಕಣ್ಣು ಮಿಟುಕಿಸೋದ್ರೊಳಗೆ ತೆರೀತು. 524.256ಕ್ಕಿಂತ ಕೆಳಗಿರೋದನ್ನೆಲ್ಲ ನೀಲಿ ಮಾಡು ಅಂದೆ, ಮಾಡ್ತು. ಕಾಕಾನ ಮನೆ ನೀಲಿಯಲ್ಲಿ. ಎತ್ತರ 521. ಇನ್ನೊಂದು ಕಡೆಯ ದತ್ತಾಂಶ ತಂದು ಹಾಕಿದೆ. ಅದರಲ್ಲಿ 527. ಮನೆ ಹೊರಗೆ.

ಫೋನ್ ಎತ್ತಿಕೊಂಡೋನು ಹಾಗೇ ಇಟ್ಟೆ. ಷಟಲ್ಲಿನ ದತ್ತಾಂಶಕ್ಕೆ ಮಾಡಿದೋರೇ ಕೊಟ್ಟ ಭರವಸೆ ಅಂದ್ರೆ ಹತ್ತರಲ್ಲಿ ಒಂಬತ್ತು ಕಡೆ ತಪ್ಪು 16 ಮೀಟರ್ ಒಳಗೆ ಇರುತ್ತೆ ಅಂತ. ಬಯಲುಸೀಮೆಯಲ್ಲಿ ಅದಕ್ಕಿಂತ ಚೆನ್ನಾಗೇ ಇರುತ್ತೆ, ನಿಜ. ಆದ್ರೆ ನಮ್ಮ ಜಗಳವೇ ನಾಲ್ಕೂವರೆ ಮೀಟರಿನದ್ದು. ಮೇಲಾಗಿ ಒಂದು ಚುಕ್ಕಿ ಅಂದ್ರೆ 30 ಮೀಟರ್ ಚೌಕ, ಅದರೊಳಗೆ ಕಾಕಾನ ಮನೆ, ಎದುರಿಗಿನ ಬೇವಿನ ಗಿಡ, ತಿಪ್ಪೆ ಎಲ್ಲ ಸೇರಿ ಒಂದು ಸರಾಸರಿ. ರೇಡಾರು ಗಿಡದ ತಲೆಯನ್ನೂ ನೆಲ ಅಂತಲೇ ಓದಿರಬಹುದು. ಸಮುದ್ರಮಟ್ಟ ಅಂತ ಅದು ಹಿಡಿಯೋದೂ ಅಣೆಕಟ್ಟಿನವರು ಹಿಡಿಯೋದೂ ಒಂದೇ ಅಲ್ಲ. ಕ್ಯೂಜಿಐಎಸ್ ಇದ್ಯಾವುದನ್ನೂ ಹೇಳಲಿಲ್ಲ. ಚೆಂದದ ನೀಲಿ ಬಳಿದು ಕೊಟ್ಟುಬಿಡ್ತು.

ಹಳೇ ಶೀಟ್ ನೋಡೋಣ ಅನ್ನಿಸಿತು. ಅಪ್ಪ ಭೂಗೋಳದ ಮಾಸ್ತರ. ತರಗತಿಗೆ ಅಂತ ತರಿಸಿದ್ದ, ಮೈಲಿಗೆ ಒಂದಿಂಚಿನ ಹಳೇ ಶೀಟ್ ಟ್ರಂಕಿನಲ್ಲಿತ್ತು. ಅದನ್ನ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದೆ. ಸುಮಾರು 5,000ಕ್ಕೆ 5,000 ಚುಕ್ಕಿ, 75 ಎಂಬಿ. ನಾಲ್ಕು ಮೂಲೆಯ ಅಕ್ಷಾಂಶ ರೇಖಾಂಶ ಕೊಟ್ಟು ಕೂರಿಸಿ, ಬೇಸಿಗೆಯ ಉಪಗ್ರಹ ಚಿತ್ರದ ಮೇಲೆ ಹಾಸಿ, ಚಿತ್ರ ತೆಗೆದು ಕಾಕಾಗೆ ಕಳಿಸಿದೆ. ಹಳೇ ಊರು, ಮುಳುಗಿದ ಊರು, ಪೂರ್ತಿ ಅದರಲ್ಲಿತ್ತು. ಐದು ನಿಮಿಷಕ್ಕೆ ಫೋನ್ ಬಂತು.

"ಏ ತಮ್ಮಾ, ಹಣಮಪ್ಪನ ಗುಡಿ ಹಳ್ಳದಾಗ ಕುಂತೈತಲ್ಲೋ! ಗುಡಿ ಇದ್ದದ್ದು ದಂಡೀ ಮ್ಯಾಲ."

ಬೇಸಿಗೆಯಲ್ಲಿ ನೀರು ಇಳಿದಾಗ ಆ ಗುಡಿ ಹೊರಗೆ ಕಾಣುತ್ತೆ, ಉಪಗ್ರಹ ಚಿತ್ರದಲ್ಲೂ ಒಂದು ಬಿಳೀ ಚುಕ್ಕಿಯಾಗಿ ಇತ್ತು. ನನ್ನ ಶೀಟಿನ ಗುಡಿ ಅಲ್ಲಿಂದ ನೂರೈವತ್ತು ಮೀಟರ್ ಸರಿದು ಕೂತಿತ್ತು. ಕೂಡಲೇ ಗೊತ್ತಾಯ್ತು ಎಲ್ಲಿ ತಪ್ಪಿದೆ ಅಂತ. ಆ ಶೀಟ್ ಮಾಡಿದ್ದು ಎವರೆಸ್ಟ್ ಸಾಹೇಬರ ಭೂಮಿಯ ಮೇಲೆ. ಅವರು 1830ರಲ್ಲಿ ಲೆಕ್ಕ ಹಾಕಿದ ಭೂಮಿಯ ತ್ರಿಜ್ಯಕ್ಕೂ ಇವತ್ತಿನ ಜಿಪಿಎಸ್ ಬಳಸೋ ತ್ರಿಜ್ಯಕ್ಕೂ ಸಮಭಾಜಕದಲ್ಲಿ ಸುಮಾರು 860 ಮೀಟರ್ ವ್ಯತ್ಯಾಸ. ಎರಡರ ಕೇಂದ್ರವೂ ಬೇರೆ. ಹಾಗಾಗಿ ಕಾಗದದ ಮೇಲಿನ ಅದೇ ಅಕ್ಷಾಂಶ ರೇಖಾಂಶ ನಮ್ಮ ಕಡೆ ನೆಲದ ಮೇಲೆ ನೂರು ಮೀಟರಿಗೂ ಹೆಚ್ಚು ಆಚೆ ಬೀಳುತ್ತೆ. ನಾನು ಅವಸರದಲ್ಲಿ ಡಬ್ಲ್ಯುಜಿಎಸ್‌-84 ಅಂತ ಒತ್ತಿದ್ದೆ. ಬದಲಾಯಿಸಿ ಎವರೆಸ್ಟ್ ಅಂತ ಕೊಟ್ಟೆ. ಗುಡಿ ಎದ್ದು ದಂಡೆಗೆ ಬಂತು. ಪಕ್ಕದಲ್ಲೇ ನಮ್ಮ ಓಣಿ, ಬಾವಿ. ಬಾವಿಗೆ ಶೀಟಿನಲ್ಲಿ ಒಂದು ಪುಟ್ಟ ನೀಲಿ ಸುತ್ತು. ಅಪ್ಪ ಆ ಸುತ್ತಿನ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಗೀಟು ಹಾಕಿದ್ದು ಸ್ಕ್ಯಾನಿನಲ್ಲಿ ಬಂದಿದೆ.

ಜಾಗ ಸರಿಹೋಯ್ತು, ಎತ್ತರ ಆಗಲಿಲ್ಲ. ಆ ಶೀಟಿನಲ್ಲಿ ಎರಡು ಕಾಂಟೂರ್ ಗೆರೆಯ ನಡುವಿನ ಅಂತರವೇ 50 ಅಡಿ, ಅಂದ್ರೆ 15 ಮೀಟರ್. ಹೊಸ 1:50,000 ಶೀಟಿನಲ್ಲಿ ಇನ್ನೂ ಜಾಸ್ತಿ, 20 ಮೀಟರ್. ಕಾಕಾನ ಮನೆ ಎರಡು ಗೆರೆಯ ನಡುವೆ ಎಲ್ಲೋ ಇದೆ, ಅಷ್ಟೇ ಹೇಳಬಹುದು.

ಅದಕ್ಕೆ ಕಾಕಾಗೆ ನಿಜ ಹೇಳಿದೆ. ನನ್ನ ಕಂಪ್ಯೂಟರಿಂದ ಆಗೋದಲ್ಲ ಇದು, ಲೆವೆಲ್ ಹಾಕಿಸಬೇಕು ಅಂದೆ. ಮೂರು ಕಾಲಿನ ಮೇಲೆ ನಿಲ್ಲಿಸೋ ದುರ್ಬೀನು, ಅಡಿಗೆರೆ ಬರೆದ ಪಟ್ಟಿ, ಅದನ್ನ ಹಿಡಿಯೋಕೆ ಒಬ್ಬ ಹುಡುಗ. ಎತ್ತರ ಕೊರೆದಿಟ್ಟ ಬೆಂಚ್‌ಮಾರ್ಕ್ ಕಲ್ಲಿನಿಂದ ಶುರುಮಾಡಿ, ಹಿಂದೆ ಒಂದು ನೋಟ, ಮುಂದೆ ಒಂದು ನೋಟ ಅಂತ ಕೂಡಿಸಿ ಕಳೀತಾ ಮನೆ ಬಾಗಿಲ ತನಕ ಬರಬೇಕು. ಸೆಂಟಿಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಬೇಕಾಗೋ ಸಾಫ್ಟ್‌ವೇರ್ ಅಂದ್ರೆ ಒಂದು ನೋಟ್‌ಬುಕ್ಕು, ಕೂಡೋದು ಕಳೆಯೋದು. ಸಿಕದಾರ್ ಬಂದಿದ್ರೂ ಮೊದಲು ಅದನ್ನೇ ಕೇಳ್ತಿದ್ದ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರ ಇಷ್ಟು ದಿನ ಅದೇನು ನೋಡಾಕ ಹತ್ತಿದ್ದಿಲೇ?" ಅಂದ.

ಬಾಗಲಕೋಟೆಯಲ್ಲಿ ಒಬ್ಬ ಸರ್ವೇಯರನ್ನ ಮಾತಾಡಿಸಿದ್ದಾರೆ. ಎಳ್ಳ ಅಮಾವಾಸ್ಯೆ ಆದಮೇಲೆ ಬರ್ತೀನಿ ಅಂದಿದ್ದಾನಂತೆ. ಅಲ್ಲೀತನಕ ಸಿಮೆಂಟಿನ ಚೀಲ ಪಡಸಾಲೆಯಲ್ಲೇ ಇರ್ತಾವೆ, ನೀರು ತಾಗದ ಹಾಗೆ ತಾಡಪತ್ರಿ ಹೊದಿಸಿದ್ದಾರೆ. ನಾನು ಆ ವಾರ ರಜೆ ಹಾಕಿದ್ದೀನಿ. ಶುಕ್ರವಾರ ರಾತ್ರಿ ವಾಕಡದಲ್ಲಿ ಬಸ್ಸು ಹತ್ತಿದ್ರೆ ಬೆಳಿಗ್ಗೆ ಊರು. ಅಪ್ಪನ ಶೀಟನ್ನೂ ಸುತ್ತಿಕೊಂಡು ಒಯ್ತೀನಿ, ಗುಡಿ ಸರಿಯಾಗಿ ಕೂತಿದ್ದನ್ನ ಕಾಕಾಗೆ ತೋರಿಸಬೇಕು.